ನಮ್ಮ ಬಾಗಿಲಿಗೆ ಅಂಟಿಸಿದ ಕಾಗದ

ಲೋಮ್,
೧೯೯೪ ಅಕ್ಟೋಬರ್ ೧೧, ಮಂಗಳವಾರ

ನನ್ನ ಪ್ರೀತಿಯ ಸ್ಪಾಸ್,

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೇ? ಹಡಗಿನ ಇಂಜಿನ್ ಕೋಣೆಯಿಂದ ಬೆವರು ಸುರಿಸಿಕೊಂಡು ಮೇಲೆ ಬಂದು, ಹೊಳೆಯ ಗಾಳಿಗೆ ಎದೆಯೊಡ್ಡಿ ನಿಲ್ಲುವ ಚಾಳಿ ಬಿಟ್ಟಿದ್ದೀಯ? ಬಿಟ್ಟಿರುವುದಿಲ್ಲ, ಗೊತ್ತು. ಚೀಲದ ತಳದಲ್ಲಿ ಉಣ್ಣೆಯ ಬನಿಯನ್ ಇಟ್ಟಿದ್ದೇನೆ, ಹಾಕಿಕೋ. ನಾವು ಮೂವರೂ ಆರೋಗ್ಯವಾಗಿದ್ದೇವೆ. ವೆಸ್ಕಾಳ ಮುಂದಿನ ಹಲ್ಲು ಬಿತ್ತು. ಅಪ್ಪನಿಗೆ ತೋರಿಸಬೇಕೆಂದು ಬೆಂಕಿಪೊಟ್ಟಣದಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಮಾವ ಎಂದಿನಂತೆ ಒಲೆಯನ್ನೂ ನನ್ನನ್ನೂ ಬೈಯುತ್ತ ಚೆನ್ನಾಗಿದ್ದಾರೆ. ಲಾರಿ ಓಡಿಸುವ ಯೋರ್ದಾನ್ ಇವತ್ತು ನಾಲ್ಕು ಗಂಟೆಗೆ ವಿಯೆನ್ನಾಕ್ಕೆ ಹೊರಡುತ್ತಾನೆ. ಬಂದರಿನಲ್ಲಿ ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾನೆ. ಇದನ್ನು ಅಂಚೆಗೆ ಹಾಕಲು ನನಗೆ ಧೈರ್ಯ ಬರಲಿಲ್ಲ.

ಒಂದು ವಿಷಯ ಹೇಳಬೇಕು. ಯಾರಿಗೂ ಏನೂ ಆಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಹೊರಟ ವಾರವೇ ವಿಮೆಯವರು ಬಂದಿದ್ದರು. ವಿಮೆ ಅನ್ನುವುದು ಹೆಸರಿಗೆ ಮಾತ್ರ. ಕತ್ತೇ ಇಲ್ಲದ ಇಬ್ಬರು ಕುಸ್ತಿ ಆಳುಗಳು, ಚರ್ಮದ ಜಾಕೀಟು, ಬಾಯಲ್ಲಿ ಸೂರ್ಯಕಾಂತಿ ಬೀಜ. ನಮ್ಮ ಬ್ರೆಡ್ ಅಂಗಡಿಯ ಗಾಜಿಗೆ ಅವರ ಸ್ಟಿಕರ್ ಅಂಟಿಸಿಕೊಂಡು ತಿಂಗಳು ತಿಂಗಳು ಕಪ್ಪ ಒಪ್ಪಿಸಬೇಕಂತೆ. ಅಂಟಿಸಿಕೊಳ್ಳದ ಹೂವಿನಂಗಡಿ ಆಗಸ್ಟಿನಲ್ಲಿ ಏನಾಯಿತೆಂದು ನೀನೇ ನೋಡಿದ್ದೀಯ, ಗೋಡೆ ಇನ್ನೂ ಕಪ್ಪಗಿದೆ. ಮಾವ ಹಿಟ್ಟಿನ ಕೈಯಲ್ಲೇ ಎದುರು ನಿಂತರು. "ನಲವತ್ತೇಳರಲ್ಲಿ ತೋಳಿಗೆ ಕೆಂಪು ಪಟ್ಟಿ ಕಟ್ಕೊಂಡು, ಇನ್ಮೇಲೆ ಎಲ್ಲಾ ಸರ್ಕಾರದ್ದು ಅಂತ ಬಂದೋರಿಗೆ ಈ ಒಲೆ ಬಿಟ್ಕೊಟ್ಟೆ. ಆಗ ನಂಗೆ ಇಪ್ಪತ್ನಾಲ್ಕು. ಅದು ವಾಪಸ್ ಬರೋ ಹೊತ್ತಿಗೆ ಮುದುಕ ಆದೆ. ಇನ್ನೊಂದ್ಸಲ ಬಿಟ್ಕೊಟ್ಟು ಕಾಯೋಕೆ ನಂಗೆ ಪುರುಸೊತ್ತಿಲ್ಲ, ನಡೀರೋ!" ಎಂದರು. ಆ ಇಬ್ಬರು ಜಗಳವಾಡಲಿಲ್ಲ. ಒಂದು ಬ್ರೆಡ್ ಎತ್ತಿಕೊಂಡು, ಬಾಗಿಲನ್ನು ಮೆಲ್ಲಗೆ ಮುಂದೆಳೆದುಕೊಂಡು ಹೋದರು. ಆ ಮೆಲ್ಲಗೆ ಎಳೆದದ್ದೇ ನನಗೆ ಹೆದರಿಕೆ ಹುಟ್ಟಿಸಿತು.

ಕಳೆದ ಗುರುವಾರ ಬೆಳಿಗ್ಗೆ ಅಂಗಡಿ ತೆರೆಯಲು ಹೊರಗೆ ಬಂದೆ. ನಮ್ಮ ಬಾಗಿಲಲ್ಲಿ ಅತ್ತೆ ತೀರಿಹೋಗಿ ಆರು ತಿಂಗಳಾಯಿತೆಂದು ನಾವೇ ಅಂಟಿಸಿದ ಸಾವಿನ ಕಾಗದ ಇದೆಯಲ್ಲ, ಅದರ ಪಕ್ಕದಲ್ಲೇ ಹೊಸದೊಂದು ಅಂಟಿಸಿತ್ತು. ಕಪ್ಪು ಅಂಚು, ಮೇಲೆ ಶಿಲುಬೆ, ನಡುವೆ ನಿನ್ನ ಚಿತ್ರ. ಸ್ಪಾಸ್ ತ್ಸಾಂಕೊವ್, ಮೂವತ್ತೆಂಟು ವರ್ಷ, ನಮ್ಮನ್ನು ಅಕಾಲದಲ್ಲಿ ಅಗಲಿದ ದಿನ... ಅಲ್ಲಿ ತಾರೀಖಿನ ಜಾಗ ಖಾಲಿ. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಿತ್ತು ತೆಗೆಯುವಷ್ಟರಲ್ಲಿ ಎದುರು ಮನೆಯ ನೇದಾ ಅಜ್ಜಿ ಓದಿಯಾಗಿತ್ತು. ಒಂದು ಗಂಟೆಯೊಳಗೆ ಸತ್ತವರ ಹೆಸರಲ್ಲಿ ಹಂಚುವ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ, ಜೊತೆಗೆ ಎರಡು ಸೇವಂತಿಗೆ ಹಿಡಿದು ಬಂದಳು. ಎರಡು, ಸ್ಪಾಸ್! ಬದುಕಿರುವವರಿಗೆ ಯಾರಾದರೂ ಜೋಡಿ ಹೂ ತರುತ್ತಾರಾ? "ಹಡಗಲ್ಲೇ ಆಯ್ತಾ ಮಗಳೇ? ಯಾವಾಗ ತರ್ತಾರೆ?" ಎಂದು ನನ್ನ ತಬ್ಬಿಕೊಂಡು ಅತ್ತಳು. ಇಲ್ಲ ಅಜ್ಜಿ, ಬದುಕಿದ್ದಾರೆ ಎಂದರೆ, ಹಿಂದೆ ನಿಂತವರ ಕಡೆ ತಿರುಗಿ, "ಪಾಪ, ಅವಳಿಗಿನ್ನೂ ಮನಸ್ಸು ಒಪ್ತಿಲ್ಲ" ಅಂದಳು. ಮಧ್ಯಾಹ್ನದೊಳಗೆ ಎಂಟು ಜನ ಬಂದರು. ಎಲ್ಲರ ಕೈಯಲ್ಲೂ ಜೋಡಿ ಹೂ. ಸಂಜೆ ಹೊತ್ತಿಗೆ ನನಗೇ ಅನುಮಾನ ಶುರುವಾಗಿ, ಬಂದರಿನ ಕಚೇರಿಗೆ ಓಡಿ, ನಿಮ್ಮ ಹಡಗಿನಿಂದ ರೇಡಿಯೋ ಸುದ್ದಿ ಬಂದಿದೆಯೇ ಎಂದು ಕೇಳಿಕೊಂಡು ಬಂದೆ.

ಪೊಲೀಸರ ಬಳಿಗೂ ಹೋದೆ. ಹವಾಲ್ದಾರ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ತಾರೀಖೇ ಹಾಕಿಲ್ವಲ್ಲಮ್ಮ, ಅಂದ್ಮೇಲೆ ಇನ್ನೂ ಏನೂ ಆಗಿಲ್ಲ. ಆದ್ಮೇಲೆ ಬನ್ನಿ" ಎಂದ. ಅವನ ಸ್ವಂತ ಕಾರಿನ ಗಾಜಿನ ಮೇಲೂ ಅದೇ ಸ್ಟಿಕರ್ ಇತ್ತು. ಹಿಂದಿನ ಸರ್ಕಾರದ ಕಾಲದಲ್ಲಿ ಮೂರನೇ ಮಹಡಿಯವನು ಗೋಡೆಗೆ ಕಿವಿ ಕೊಡುತ್ತಾನೆಂದು ರೇಡಿಯೋ ಜೋರು ಮಾಡಿ ಮಾತಾಡುತ್ತಿದ್ದೆವಲ್ಲ, ನೆನಪಿದೆಯಾ? ಆಗ ಹೆದರಬೇಕಾದವನ ಮನೆ ನಂಬರಾದರೂ ಗೊತ್ತಿತ್ತು. ಈಗ ಬಾಯಿಬಿಟ್ಟು ಮಾತಾಡಬಹುದು, ಬೇಕಾದವರಿಗೆ ಮತ ಹಾಕಬಹುದು, ಹೊಸ ವರ್ಷಕ್ಕೊಮ್ಮೆ ಅಂಗಡಿಗೆ ಬರುವುದನ್ನು ಕಾಯದೆ ಬಾಳೆಹಣ್ಣು ತಿನ್ನಬಹುದು. ಯಾರಿಗೆ ಹೆದರಬೇಕು ಅನ್ನುವುದು ಮಾತ್ರ ತಿಳಿಯದು. ಬ್ರೆಡ್ಡಿಗೆ ಬಂದವರ ಮುಖವನ್ನೆಲ್ಲ ದಿಟ್ಟಿಸಿ ನೋಡುತ್ತೇನೆ. ಚಿಲ್ಲರೆ ಕೊಡುವುದನ್ನೇ ಮರೆಯುತ್ತೇನೆ.

ಭಾನುವಾರ ನನ್ನ ತಮ್ಮ ಗಾಲಿನ್ ಬಾರದಿದ್ದರೆ ನನಗೆ ಹುಚ್ಚೇ ಹಿಡಿಯುತ್ತಿತ್ತು. ಸುದ್ದಿ ಕೇಳಿ ವಿದಿನ್‌ನಿಂದ ಓಡಿ ಬಂದ. ವೆಸ್ಕಾಳಿಗೆ ಚಾಕೊಲೇಟು, ನನಗೆ ಕಾಫಿ ಪುಡಿ. ಕ್ರೀಡಾಶಾಲೆ ಮುಚ್ಚಿ ಕುಸ್ತಿ ಕಲಿಸುವ ಕೆಲಸ ಹೋದಮೇಲೆ ಬಡಕಲಾಗಿದ್ದನಲ್ಲ, ಈಗ ಹೋಟೆಲೊಂದರ ಕಾವಲಿಗೆ ಸೇರಿ ಮೈಕೈ ತುಂಬಿಕೊಂಡಿದ್ದಾನೆ. ಕಾರೂ ಬಂದಿದೆ. "ಒಂದು ಸ್ಟಿಕರ್ ತಾನೇ ತಾತ, ಅಂಟಿಸ್ಬಿಡಿ" ಎಂದ. ಮಾವ ಒಲೆಯ ಕಡೆ ಮುಖ ತಿರುಗಿಸಿದರು. ಹೊರಡುವಾಗ, "ಭಾವ ಯಾವತ್ತು ಬರ್ತಾರೆ ಅಕ್ಕಾ? ಒಬ್ರೇ ಬರೋದು ಬೇಡ. ನಾನೇ ಕಾರಲ್ಲಿ ಕರ್ಕೊಂಡು ಬರ್ತೀನಿ" ಎಂದಾಗ ನನ್ನ ಕಣ್ಣು ತುಂಬಿಬಂತು. ಮರೆಯದಿರಲಿ ಎಂದು ಹಡಗಿನ ಹೆಸರು, ಇಪ್ಪತ್ತೊಂದು ಶುಕ್ರವಾರ, ಎಲ್ಲ ಚೀಟಿಯಲ್ಲಿ ಬರೆದುಕೊಟ್ಟೆ. ನೀನು ಎಂದಿನಂತೆ ವಿದಿನ್ ಬಂದರಿನಲ್ಲೇ ಇಳಿದು ಅವನ ಜೊತೆ ಬಾ. ಬಸ್ಸಿಗೆ ಒಬ್ಬನೇ ಕಾಯುತ್ತ ನಿಲ್ಲಬೇಡ.

ಆ ಕಾಗದವನ್ನು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟಿದ್ದೇನೆ. ಅದರಲ್ಲಿ ನಿನ್ನ ಕೂದಲು ಹಾರುತ್ತಿದೆ, ನೀನು ನಗುತ್ತಿದ್ದೀಯ. ಚಿತ್ರ ಎಲ್ಲಿ ಸಿಕ್ಕಿತೋ. ಹಡಗಿನ ಕಚೇರಿಯ ಕಡತದಿಂದ ಕದ್ದಿರಬೇಕು ಎನ್ನುತ್ತಾರೆ ಮಾವ.

ನೀರಿನ ಮೇಲೂ ನೆಲದ ಮೇಲೂ ದೇವಮಾತೆ ನಿನ್ನನ್ನು ಕಾಯಲಿ. ಮಾವನ ಆಶೀರ್ವಾದ, ವೆಸ್ಕಾಳ ಮುತ್ತು. ಬರುವಾಗ ಎಂದಿನಂತೆ ಮೂರು ಹೂ ತಾ, ನೇದಾ ಅಜ್ಜಿಯ ಮುಂದೆಯೇ ಕೊಡು.

ನಿನ್ನ ದಾರಿ ಕಾಯುತ್ತಿರುವ
ದೊನ್ಕಾ

ಮತ್ತೆ: ಯೋರ್ದಾನ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ವೆಸ್ಕಾ ಆ ಕಾಗದ ಹುಡುಕಿ ತೆಗೆದಳು. "ಅಮ್ಮಾ, ಇದು ಸಮುದ್ರದ ಫೋಟೋ! ನೋಡು, ನಿನ್ನ ಚುಕ್ಕಿ ತೋಳು ಇಲ್ಲಿದೆ" ಎಂದಳು. ನಿನ್ನ ಭುಜದ ಮೇಲೆ, ಕತ್ತರಿಸಿದ ಅಂಚಿನಲ್ಲಿ, ನನ್ನ ಚುಕ್ಕಿ ರವಿಕೆಯ ತೋಳು. ಆಲ್ಬಮ್ ತೆಗೆದು ನೋಡಿದೆ, ನಮ್ಮದು ಇದ್ದ ಹಾಗೇ ಇದೆ. ಸಮುದ್ರದ ದಡದಲ್ಲಿ ಆ ಬಾಲ್ಚಿಕ್‌ನ ಫೋಟೋದವನು ಕೊಟ್ಟದ್ದೇ ಎರಡು ಪ್ರತಿ. ಇನ್ನೊಂದನ್ನು ನಾನು ಗಾಲಿನ್‌ಗೆ ಕಳಿಸಿದ್ದೆ. ವಿದಿನ್‌ನಲ್ಲಿ ಇಳಿಯಬೇಡ. ಹಡಗು ಅಲ್ಲಿ ನಿಂತಷ್ಟು ಹೊತ್ತು ಇಂಜಿನ್ ಕೋಣೆ ಬಿಟ್ಟು ಮೇಲೆ ಬರಬೇಡ. ಲೋಮ್‌ನಲ್ಲೂ ಇಳಿಯಬೇಡ, ಮುಂದೆ ಒರ್ಯಾಹೊವೊ ಬಂದರಿಗೆ ಹೋಗು, ಮಾವ ಬ್ರೆಡ್ ವ್ಯಾನ್ ತರುತ್ತಾರೆ. ಅವನು ದಡದಲ್ಲಿ ನಿಂತು ಕೈ ಬೀಸುತ್ತಾನೆ, ಭಾವಾ ಅನ್ನುತ್ತಾನೆ, ನಗುತ್ತಾನೆ. ಇಳಿಯಬೇಡ, ಸ್ಪಾಸ್. ಆ ಕಾಗದದಲ್ಲಿ ತಾರೀಖೊಂದೇ ಖಾಲಿಯಿತ್ತು. ಅದನ್ನು ನನ್ನ ಕೈಯಾರೆ ಬರೆದುಕೊಟ್ಟಿದ್ದೇನೆ.