ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿ

ಮುಸುಕಿನ ನಲವತ್ತೇಳನೇ ದಿನ
ಫೆಬ್ರವರಿ ೩೦, ೨೧೪೬

ವೈಜನಾಥ ಮುತ್ತ್ಯಾ ಅವರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿ ಮೂವತ್ತು ಇಲ್ಲ, ನಮ್ಮದರಲ್ಲಿ ಇದೆ. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಕೆಲವು ಮಾತುಗಳು ಬರುತ್ತವೆ. ಅದಕ್ಕಷ್ಟೇ ಕ್ಷಮೆ ಕೇಳುತ್ತೇನೆ. ಹಿರಿಯರಿಗೆ ಬರೆಯುವಾಗ ಮೊದಲು ಸಾಷ್ಟಾಂಗ ನಮಸ್ಕಾರ ಬರೆಯಬೇಕೆಂದು ನಮ್ಮವ್ವ ಕಲಿಸಿದ್ದಾಳೆ. ನಾನು ಬರೆಯುವುದಿಲ್ಲ. ನಾನು ನಿಮ್ಮಿಂದ ಐದನೇ ತಲೆಮಾರಿನವಳು, ಹೆಸರು ಮಹಾನಂದಾ. ನಿಮ್ಮ ಡೀಸೆಲ್ ಕಾರು ಈಗ ನನ್ನ ವಶದಲ್ಲಿದೆ, ಮತ್ತು ನಿಮ್ಮ ಮೇಲೆ ನನಗೆ ಬಹಳ ಸಿಟ್ಟಿದೆ.

ಸಂಕ್ರಾಂತಿಯಿಂದ ಎರಡು ತಿಂಗಳು ನಮ್ಮ ಭಾಲ್ಕಿಯ ಕಡೆ ಸೂರ್ಯ ಕಾಣುವುದಿಲ್ಲ. ದಟ್ಟ ಮಂಜು, ಅದರ ಮೇಲೆ ಬೂದಿಬಣ್ಣದ ಮೋಡ. ಇದನ್ನು ನಾವು ಮುಸುಕು ಎನ್ನುತ್ತೇವೆ. ಮನೆಗೊಂದೇ ದೀಪ, ಒದ್ದೆ ಬಟ್ಟೆ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ, ಶಾಲೆಯ ಮಕ್ಕಳು ಕೌದಿ ಹೊದ್ದುಕೊಂಡೇ ಮಗ್ಗಿ ಹೇಳುತ್ತಾರೆ. ಬಿಸಿಲಿನಿಂದ ಓಡುವ ನಮ್ಮ ಬಿಸಿಲುಬಂಡಿಗಳೆಲ್ಲ ಆ ಎರಡು ತಿಂಗಳು ಕಟ್ಟೆಗೆ ಒರಗಿ ನಿಂತಿರುತ್ತವೆ. ಅದಕ್ಕೇ ಊರಿಗೊಂದು ಹಳೆಯ ಡೀಸೆಲ್ ಗಾಡಿ ಇಟ್ಟುಕೊಳ್ಳಲು ಅಪ್ಪಣೆಯಿದೆ. ಅದನ್ನು ಊರಬಂಡಿ ಎನ್ನುತ್ತಾರೆ. ಹೊಂಗೆ ಎಣ್ಣೆ ಅದರ ಮೇವು, ರೋಗಿಗಳನ್ನು ಬೀದರಕ್ಕೆ ಮುಟ್ಟಿಸುವುದು ಅದರ ಕೆಲಸ. ನಮ್ಮ ಊರಬಂಡಿ ಎಂದರೆ ನಿಮ್ಮ ಕಾರು. ಎಂಜಿನ್ನನ್ನು ಎಷ್ಟೋ ಸಲ ಬಿಚ್ಚಿ ಕಟ್ಟಿದ್ದಾರೆ, ಆದರೂ ಅದು ನಿಮ್ಮದೇ.

ನನ್ನ ತಮ್ಮ ರೇವಣನಿಗೆ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ಮೂರು ದಿನಕ್ಕೊಮ್ಮೆ ಬೀದರಕ್ಕೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕಿತ್ತು. ನಾಲ್ಕು ಮುಸುಕು ನಾನೇ ಅವನನ್ನು ಕರೆದುಕೊಂಡು ಹೋಗಿ ಬಂದಿದ್ದೇನೆ. ಗಾಡಿ ನಮ್ಮ ಮನೆಯ ಮುಂದಿನ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಂತಿರುತ್ತಿತ್ತು. ಬೆಳಿಗ್ಗೆ ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದರೆ ತಾನೇ ಉರುಳುತ್ತಿತ್ತು; ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಕೆಮ್ಮಿ ಚಾಲೂ ಆಗುತ್ತಿತ್ತು. ಐದು ನಿಮಿಷ ಬಿಳಿ ಹೊಗೆ, ಆಮೇಲೆ ಸ್ವಚ್ಛ. ಮಕ್ಕಳು ಆ ಹೊಗೆಗೆ ಮುತ್ತ್ಯಾನ ಬೀಡಿ ಎಂದು ಹೆಸರಿಟ್ಟಿದ್ದರು. ಯಾಕೆ ಹೀಗೆ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ ಅವ್ವ ಹೇಳಿದ್ದು ಇಷ್ಟೇ: "ಗಾಡಿ ಇಳಿಜಾರಿನ್ಯಾಗೇ ನಿಂದ್ರಸಬೇಕವಾ. ವೈಜನಾಥ ಮುತ್ತ್ಯಾನ ಕಾಲದಿಂದ ಬಂದ ಪದ್ಧತಿ." ನಿಮ್ಮ ಸೋಮಾರಿತನ ನಮ್ಮ ಮನೆಯ ಪದ್ಧತಿಯಾಗಿತ್ತು, ಮುತ್ತ್ಯಾ. ಮನೆ ಬಿದ್ದು ಎರಡು ಸಲ ಹೊಸದಾಗಿ ಕಟ್ಟಿದಾಗಲೂ ನಮ್ಮವರು ಇಳಿಜಾರು ಹುಡುಕಿ ಕಟ್ಟಿದರು.

ಈ ವರ್ಷ ಆ ಇಳಿಜಾರಿನ ಮಣ್ಣು ಕುಸಿಯಿತು. ಊರವರು ಗಾಡಿಯನ್ನು ಚಾವಡಿಯ ಮುಂದಿನ ಸಮತಟ್ಟು ಅಂಗಳಕ್ಕೆ ತಂದು ನಿಲ್ಲಿಸಿದರು. ಮುಸುಕಿನ ಮೂವತ್ತೊಂದನೇ ದಿನ, ಸೋಮವಾರ, ರೇವಣನ ಪಾಳಿ ಎಂಟು ಗಂಟೆಗಿತ್ತು. ಐದಕ್ಕೇ ಕೀಲಿ ತಿರುವಿದೆ, ಚಾಲೂ ಆಗಲಿಲ್ಲ. ಹದಿನಾಲ್ಕು ಮಂದಿ ಧಕ್ಕಾ ಕೊಟ್ಟರು. ಕೆಸರಿನಲ್ಲಿ ಚಕ್ರ ಜಾರಿತೇ ಹೊರತು ಎಂಜಿನ್ ತಿರುಗಲಿಲ್ಲ. ಕಡೆಗೆ ಅವನನ್ನು ಹೊರಸಿನ ಮೇಲೆ ಮಲಗಿಸಿ ಹೊತ್ತುಕೊಂಡು ಹೊರಟೆವು. ಹಾದಿಯಲ್ಲಿ ಅವನು ನನ್ನನ್ನು ನಗಿಸಲು ನೋಡಿದ: "ಅಕ್ಕಾ, ಮುತ್ತ್ಯಾನ ಗಾಡಿಕಿಂತ ಈ ಹೊರಸೇ ಚಲೋ ಅದ ನೋಡು. ಕೀಲಿ ಬೇಕಾಗಿಲ್ಲ, ಹೊಗಿ ಇಲ್ಲ." ಕಾರಂಜಾ ಸೇತುವೆ ದಾಟುವಾಗ ಮಾತು ನಿಂತಿತು. ಸೇತುವೆಯ ಆಚೆ ಉಸಿರೂ ನಿಂತಿತು. ಅವನಿಗೆ ಇಪ್ಪತ್ತಾರು ವರ್ಷ.

ಹನ್ನೊಂದು ದಿನ ಕಳೆದ ಮೇಲೆ, ಪಂಪು ರಿಪೇರಿ ಮಾಡುವ ಮಸ್ತಾನಸಾಬನನ್ನು ಕರೆದುಕೊಂಡು ಬಂದು ಗಾಡಿಯ ಮುಂದೆ ಕೂತೆ. ಸೆಲ್ಫ್ ಜೋರಾಗಿಯೇ ತಿರುಗಿತು, ಹಾಗಾಗಿ ಬ್ಯಾಟರಿಯ ತಪ್ಪಿಲ್ಲ. ಸೈಲೆನ್ಸರಿನಿಂದ ಬಿಳಿ ಹೊಗೆ ಬಂತು, ಕಣ್ಣು ಉರಿಯಿತು; ಅಂದರೆ ಎಣ್ಣೆ ಒಳಗೆ ಹೋಗುತ್ತಿದೆ, ಆದರೆ ಉರಿಯುತ್ತಿಲ್ಲ. ಕರಿ ಹೊಗೆಯಾಗಿದ್ದರೆ ಏರ್ ಫಿಲ್ಟರ್ ಕಟ್ಟಿಕೊಂಡು ಗಾಳಿ ಸಾಲದಾಗಿದೆ, ಇಲ್ಲವೇ ಎಣ್ಣೆ ಹೆಚ್ಚಾಗಿ ಬೀಳುತ್ತಿದೆ ಎನ್ನಬಹುದಿತ್ತು. ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕಿತ್ತು. ತಣ್ಣಗಿದ್ದಾಗ ಮಾತ್ರ ಬಿಳಿ, ಕಾದರೆ ಸ್ವಚ್ಛ ಎಂದರೆ ಮೊದಲು ನೋಡಬೇಕಾದದ್ದು ಹೀಟರ್ ಪ್ಲಗ್. ಚಳಿಯಲ್ಲಿ ಎಂಜಿನ್ನಿನ ಒಳಗನ್ನು ಮೊದಲು ಕಾಯಿಸುವ ನಾಲ್ಕು ಕಡ್ಡಿಗಳು ಅವು. ಮೂರನ್ನು ಬಿಚ್ಚಿ ಬ್ಯಾಟರಿಗೆ ಹಿಡಿದೆವು. ಒಳ್ಳೆಯ ಪ್ಲಗ್ ಕೆಲವೇ ಕ್ಷಣಗಳಲ್ಲಿ ಕೆಂಡವಾಗಬೇಕು. ಒಂದೂ ಕೆಂಪಾಗಲಿಲ್ಲ. ಮಸ್ತಾನಸಾಬ ತಲೆ ಎತ್ತದೆ ಹೇಳಿದ: "ಹೊಗಿ ಸುಳ್ಳ ಹೇಳಲ್ಲವ್ವಾ. ನೂರಾ ಇಪ್ಪತ್ತ ವರ್ಷ ಹೇಳ್ಕೋತನೇ ಬಂದದ. ನಾವೇ ಕೇಳಿಲ್ಲ."

ಹೊಗೆಯಷ್ಟೇ ಹೇಳಿರಲಿಲ್ಲ. ಮೀಟರಿನ ಗಾಜಿನ ಮೇಲೆ ಒಂದು ಕೆಂಪು ಟಿಕಳಿ ಇತ್ತು, ಹೆಂಗಸರು ಹಣೆಗೆ ಅಂಟಿಸಿಕೊಳ್ಳುವಂಥದು. ಗಾಡಿ ಪೂಜೆಯ ಬೊಟ್ಟು ಎಂದುಕೊಂಡು ನಾವು ದಸರೆಗೆ ಅದಕ್ಕೂ ಊದುಬತ್ತಿ ಬೆಳಗುತ್ತಿದ್ದೆವು. ಉದುರಿದಾಗ ಭಕ್ತಿಯಿಂದ ಹೊಸದು ಅಂಟಿಸುತ್ತಿದ್ದೆವು. ಮೊನ್ನೆ ಉಗುರಿನಿಂದ ಕಿತ್ತೆ. ಅದರ ಕೆಳಗೆ, ಪ್ಲಗ್ ಕೆಟ್ಟಿದೆ ಎಂದು ತಿಳಿಸುವ ಹೀಟರಿನ ಹಳದಿ ದೀಪ ಮಿಣುಕುತ್ತಿತ್ತು. ಕಣ್ಣಿಗೆ ಕಿರಿಕಿರಿ ಎಂದು ನಿಮ್ಮ ಹೆಂಡತಿ ಮುತ್ತವ್ವನ ಟಿಕಳಿ ತೆಗೆದು ಅಂಟಿಸಿದಿರಿ, ಅಲ್ಲವೇ?

ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದರು ಎಂದು ಬಿಟ್ಟುಬಿಡುತ್ತಿದ್ದೆ. ಹೊಸ ಪ್ಲಗ್ ಈ ಕಾಲದಲ್ಲಿ ಎಲ್ಲೂ ಸಿಗುವುದಿಲ್ಲ. ತಂತಿಯಾದರೂ ಸಿಕ್ಕೀತು ಎಂದು ಡಿಕ್ಕಿಯ ಹಾಸಿನ ತಗಡು ಎಬ್ಬಿಸಿದೆ. ಅದರ ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪೊಟ್ಟಣ ಸಿಕ್ಕಿತು. ನಾಲ್ಕು ಹೀಟರ್ ಪ್ಲಗ್, ಹೊಚ್ಚ ಹೊಸವು, ಸೀಲು ಒಡೆಯದವು. ಜೊತೆಗೆ ನಿಮ್ಮ ಕೈಬರಹದ ಚೀಟಿ: "ಹೀಟರ್ ಪ್ಲಗ್ ತಂದೀನಿ. ಚಳಿ ಕಳೀತು. ಗಾಡಿ ಹೆಂಗೂ ಇಳಿಜಾರಿನ್ಯಾಗ ಚಾಲೂ ಆಗ್ತದ. ಮುಂದಿನ ವರ್ಷ ನೋಡಣ."

ನಿಮಗೆ ಗೊತ್ತಿತ್ತು. ಗೊತ್ತಿದ್ದು, ಅಂಗಡಿಗೆ ಹೋಗಿ ತಂದು, ಮುಚ್ಚಿಟ್ಟಿರಿ. ನಾಳೆ ಎಂದವನ ಮನೆ ಹಾಳು ಎಂಬ ಗಾದೆ ನಿಮ್ಮ ಕಾಲಕ್ಕೂ ಇತ್ತು. ಹಾಳಾದದ್ದು ಮಾತ್ರ ನಿಮ್ಮ ಮನೆಯಲ್ಲ, ನಮ್ಮದು. ನನ್ನ ಮೇಲೂ ನನಗೆ ಸಿಟ್ಟಿದೆ. ನಾಲ್ಕು ವರ್ಷ ಆ ಹೊಗೆಯ ಮುಂದೆ ನಿಂತು ನಕ್ಕವಳು ನಾನೇ.

ಮೂರು ಹೊಸ ಪ್ಲಗ್ ಹಾಕಿದೆವು. ನಾಲ್ಕನೆಯದನ್ನು, ತೀರಾ ಒಳಬದಿಯದನ್ನು, ಬಿಚ್ಚಲು ಆಗಲಿಲ್ಲ. ಎಂಜಿನ್ ಬಿಚ್ಚಿದವರು ಯಾರೂ ಅದನ್ನು ಮುಟ್ಟಿಲ್ಲ; ತುಕ್ಕು ಹಿಡಿದು ಎಂಜಿನ್ನಿನ ಹೆಡ್ಡಿಗೇ ಕಚ್ಚಿಕೊಂಡಿದೆ, ಬಲ ಹಾಕಿದರೆ ಒಳಗೇ ಮುರಿಯುತ್ತದೆ. ನಿನ್ನೆ ಬೆಳಿಗ್ಗೆ ಗಾಡಿ ಸಮತಟ್ಟು ನೆಲದಲ್ಲಿ, ಮೂರೇ ಪ್ಲಗ್ಗಿನ ಮೇಲೆ, ನಡುಗುತ್ತ ಚಾಲೂ ಆಯಿತು. ಊರವರು ಚಪ್ಪಾಳೆ ತಟ್ಟಿದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಈ ಕಾಗದ ನಿಮಗೆ ಮುಟ್ಟುತ್ತದೋ ಇಲ್ಲವೋ ಗೊತ್ತಿಲ್ಲ. ಮುಟ್ಟಿದರೆ ಪೂರ್ತಿ ಓದಿ ಮಡಚಿಡಬೇಡಿ, ಈಗಲೇ ಏಳಿ. ಟಿಕಳಿ ಕಿತ್ತು ಮುತ್ತವ್ವನಿಗೆ ವಾಪಸ್ ಕೊಡಿ. ಎಂಜಿನ್ ಬೆಚ್ಚಗಿರುವಾಗಲೇ ಪ್ಲಗ್ ಬಿಚ್ಚಿ, ಒಳಬದಿಯದರಿಂದ ಶುರು ಮಾಡಿ. ಅದು ನಿಮ್ಮ ಕೈಗೆ ಇನ್ನೂ ಬರುತ್ತದೆ. ಗಂಟೆಯ ಕೆಲಸ. ಆಮೇಲೆ ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಚಳಿಯಲ್ಲಿ ಚಾಲೂ ಮಾಡಿ ನೋಡಿ.

ರೇವಣನ ಪಾಳಿ ಸೋಮವಾರ ಬೆಳಿಗ್ಗೆ ಎಂಟಕ್ಕೆ.

ಮಹಾನಂದಾ