ಗಂಟು ಬಂದರೆ ನಿಲ್ಲು

ಅಪ್ಪನಿಗೆ, ನಿಮ್ಮ ಗಿಣಿಯ ನಮಸ್ಕಾರ.

ರೈಲು ನಿಲ್ದಾಣದ ಮೈಕಿನ ಕೆಲಸ ನನಗೇ ಸಿಕ್ಕಿತು. ಸೋಮವಾರ ಹಾಜರಾಗಬೇಕು. "ಉಗ್ಗೋಳ ಕೈಗೆ ಮೈಕ್ ಯಾರು ಕೊಡ್ತಾರೆ?" ಎಂದು ಅಣ್ಣ ನಕ್ಕಿದ್ದನಲ್ಲ, ಸುದ್ದಿಯನ್ನು ಮೊದಲು ಅವನಿಗೆ ಮುಟ್ಟಿಸಿ.

ಮೈಕಿನ ಮುಂದೆ ಓದಿಸುವ ಪರೀಕ್ಷೆಯಲ್ಲಿ ಮೊದಲ ಸಾಲಿಗೇ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. "ನೀರು ಕುಡೀತೀಯೇನಮ್ಮಾ?" ಎಂದರು ಸಾಹೇಬರು. ಆಗ, ಮರ ಕೆತ್ತುತ್ತಾ ನೀವು ನನಗೆ ಹೇಳುತ್ತಿದ್ದ ಪದ್ಯ ನೆನಪಾಯಿತು:

ಗಂಟು ಬಂತೆ? ನಿಲ್ಲು ಮಗಳೆ, ಉಳಿಯ ಮೊನೆಯ ಮಸೆದುಕೊ;
ಮರವು ಮುಗಿದು ಹೋಗಲಿಲ್ಲ, ಉಸಿರನೊಮ್ಮೆ ಎಳೆದುಕೊ.

ಮೇಜಿನ ಕೆಳಗೆ ತೊಡೆಯ ಮೇಲೆ ಅದರ ತಾಳ ತಟ್ಟುತ್ತಾ ಹದಿನಾಲ್ಕು ರೈಲುಗಳ ಹೆಸರನ್ನೂ ಓದಿದೆ. ಎರಡು ಕಡೆ ನಿಂತೆ, ಆದರೆ ಬಿಡಲಿಲ್ಲ.

ಬಡಗಿಗೆ ಬುದ್ಧಿವಾದವನ್ನೂ ಪದ್ಯದಲ್ಲೇ ಹೇಳುವ ಶೋಕಿ ಎಂದು ಓಣಿಯವರೆಲ್ಲ ನಗುತ್ತಿದ್ದರು. ಸುಳ್ಳೇಕೆ, ನಾನೂ ನಕ್ಕಿದ್ದೆ. ನನ್ನಂತೆಯೇ ಉಗ್ಗುವ ನಿಮಗೆ ತಾಳವಿದ್ದರೆ ಮಾತ್ರ ಮಾತು ತಡೆಯದೆ ಬರುತ್ತದೆ ಎಂಬುದು ಪರೀಕ್ಷೆಯ ಆ ಕುರ್ಚಿಯಲ್ಲಿ ಕುಳಿತಾಗಲೇ ನನಗೆ ಹೊಳೆದದ್ದು.

"ಪ್ಲಾಟ್‌ಫಾರ್ಮ್" ಎಂಬ ಪದ ಇನ್ನೂ ಕೈಕೊಡುತ್ತಿದೆ. ದಿನಕ್ಕೆ ನೂರು ಸಲ ಹೇಳಬೇಕಾದ ಪದ ಅದು. ಅದಕ್ಕೊಂದು ತಾಳ ಹೊಂದಿಸಿಕೊಡಿ.

ಭಾನುವಾರ ಫೋನ್ ಮಾಡುತ್ತೇನೆ. ಎಂದಿನಂತೆ "ಹೂಂ" ಎಂದು ಅಮ್ಮನ ಕೈಗೆ ದಾಟಿಸಬೇಡಿ. ಅವತ್ತು ಪದ್ಯವೂ ಬೇಡ, ಸುಮ್ಮನೆ ಮಾತಾಡಿ. ಒಂದೊಂದು ಮಾತಿಗೂ ಎಷ್ಟು ಹೊತ್ತಾದರೂ ಸರಿ, ನಾನು ಕಾಯುತ್ತೇನೆ. ಮರ ಇನ್ನೂ ಮುಗಿದಿಲ್ಲ, ಅಪ್ಪ.

ನಿಮ್ಮ ಮಗಳು,
ಗಿಣಿ