ಮುದ್ದೆ ಉಂಡು ಹಲ್ಲಿನ ಕಡ್ಡಿ ಕಿತ್ತುಬಂತಂತೆ!

ಜಿಲ್ಲೆಯ ಖಾಸಗಿ ಕ್ಲಿನಿಕ್‌ಗಳಿಗೆ ಅನುಮತಿ ಕೊಡುವ ಮಾನ್ಯ ಅಧಿಕಾರಿಗಳೇ,

ನನ್ನ ಅಮ್ಮ ಗಂಗುಲಮ್ಮನ ಮುಂದಿನ ಹಲ್ಲು, ಒಳಗೆ ಅಂಟಿಸಿದ್ದ ಫೈಬರ್ ಕಡ್ಡಿಯ ಸಮೇತ, ಊಟದ ತಟ್ಟೆಗೆ ಬಿತ್ತು. ರೂಟ್ ಕೆನಾಲ್ ಮಾಡಿ, ಟೊಳ್ಳಾದ ಹಲ್ಲಿಗೆ ಆಧಾರವೆಂದು ಆ ಕಡ್ಡಿ ಕೂರಿಸಿದ ಗೌರಿಬಿದನೂರಿನ ವೈದ್ಯರು, "ಮುದ್ದೆ ಕಡಿದಿದ್ದೀರಿ, ತಪ್ಪು ನಿಮ್ದೇ" ಎಂದು ತೀರ್ಪು ಕೊಟ್ಟರು. ಸ್ವಾಮಿ, ಈ ಸೀಮೆಯಲ್ಲಿ ಮುದ್ದೆಯನ್ನು ಯಾರಾದರೂ ಕಡಿಯುತ್ತಾರೆಯೇ? ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಸಾಲದ್ದಕ್ಕೆ ಅದೇ ಕಡ್ಡಿಯನ್ನು ಮತ್ತೆ ಒತ್ತಿ ತುರುಕಲು ಹೋಗಿ ಬೇರನ್ನೂ ಸೀಳಿದರು.

ಮೊದಲ ಸಲ ಅಂಟಿಸುವಾಗ ನಾನು ಕುರ್ಚಿಯ ಪಕ್ಕದಲ್ಲೇ ಇದ್ದೆ. ಹಲ್ಲಿನ ಒಳಗೆ ತೊಳೆದು ಒಣಗಿಸಿ, ಇನ್ನೇನು ಅಂಟು ಹಾಕಬೇಕು, ಅಷ್ಟರಲ್ಲಿ ವೈದ್ಯರ ಫೋನು. "ಬಾಯಿ ಮುಚ್ಕೊಂಡಿರಮ್ಮ, ಬಂದೆ" ಎಂದು ಹೊರಗೆ ಹೋದರು. ಯಾವುದೋ ಸೈಟು ಕೊಳ್ಳುವ ಮಾತು ಮುಗಿಯುವಷ್ಟರಲ್ಲಿ ಅಮ್ಮನ ಬಾಯಿ ತುಂಬ ಜೊಲ್ಲು. ಬಂದವರು ಮತ್ತೆ ತೊಳೆಯಲಿಲ್ಲ, ಒಣಗಿಸಲಿಲ್ಲ; ಅಂಟು ಹಚ್ಚಿ ಕಡ್ಡಿ ಇಟ್ಟು, ಅದು ಗಟ್ಟಿಯಾಗಲೆಂದು ನೀಲಿ ದೀಪ ಹಿಡಿದರು. ಚಿಕ್ಕಬಳ್ಳಾಪುರದ ಇನ್ನೊಬ್ಬ ವೈದ್ಯೆ ಕಡ್ಡಿ ನೋಡಿ, "ಅಂಟೆಲ್ಲ ಕಡ್ಡಿಗೇ ಇದೆ, ಹಲ್ಲಿಗೆ ಹಿಡಿದೇ ಇಲ್ಲ. ಒಳಗೆ ಎಂಜಲು ಸೇರಿದ್ರೆ ಹಿಂಗೇ ಆಗೋದು. ಬೇರೂ ಸೀಳಿದೆ, ಈಗ ಕೀಳಲೇಬೇಕು" ಎಂದರು. ಎಂಜಲು ಕೈಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟಬಾರದೆಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ವೈದ್ಯರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಮಾಡಿದರು ಎಂಬುದು ನನ್ನ ಗುಮಾನಿ.

ಗುಮಾನಿ ನಿಮ್ಮ ಮೇಲೂ ಇದೆ. ಗುಟ್ಟಾಗಿಡಿ ಎಂದು ಬೇಡಿಕೊಂಡೇ ನಿಮ್ಮ ಕಚೇರಿಗೆ ದೂರು ಕೊಟ್ಟೆ. ಮರುದಿನವೇ ಆ ವೈದ್ಯರ ಫೋನು: "ಏನಪ್ಪ ಭಾನು, ನಮ್ಮ ಮೇಲೇ ಕಂಪ್ಲೇಂಟಾ?" ನನ್ನ ಹೆಸರು ತಾನಾಗಿಯೇ ಬಸ್ಸು ಹತ್ತಿ ಅಲ್ಲಿಗೆ ಹೋಯಿತೇ? ಕಡತ ಕದಲದ ಕಚೇರಿಯಲ್ಲಿ ಸುದ್ದಿಗೆ ಮಾತ್ರ ಎಂಥ ಕಾಲು!

ಮುಂದಿನ ತಿಂಗಳು ನನ್ನ ಮಗಳು ಹರಿತಾಳ ಮದುವೆ. ಊರಿನ ಹೆಣ್ಣುಮಕ್ಕಳಿಗೆಲ್ಲ ಹಸೆಯ ಮುಂದೆ ಸೋಬಾನೆ ಹಾಡಿದ ಅಮ್ಮ, ಈಗ ಸ್ವಂತ ಮೊಮ್ಮಗಳಿಗೆ ಹಾಡಲಾರಳು. "ಮಾತೆಲ್ಲ ಗಾಳಿ ಆಗ್ತದೆ ಕಣಪ್ಪ, ನಾನು ಒಳಗೇ ಇರ್ತೀನಿ" ಎನ್ನುತ್ತಾಳೆ.

ಹೇಳದೆ ಕೇಳದೆ ಒಂದು ದಿನ ಆ ಕ್ಲಿನಿಕ್ಕಿಗೆ ಹೋಗಿ, ಕೆಲಸ ನಡೆಯುವಾಗ ನಿಂತು ನೋಡಿ. ತಪ್ಪು ಕಂಡರೆ ಬಾಗಿಲು ಮುಚ್ಚಿಸಿ. ನನ್ನ ಹೆಸರು ಹೊರಗೆ ಬಿಟ್ಟವರು ಯಾರೆಂದೂ ತಿಳಿಸಿ. ಈ ಪತ್ರ ಪತ್ರಿಕೆಗೆ ಕೊಡುತ್ತೇನೆಂದಾಗ ಅಮ್ಮ ನನ್ನ ಕೈ ಹಿಡಿದುಕೊಂಡಳು: "ಬ್ಯಾಡ ಕಣಪ್ಪ, ಇನ್ನೊಂದು ಹಲ್ಲು ನೋವು ಬಂದ್ರೆ ಅವಸರಕ್ಕೆ ಅವರ ಹತ್ರಾನೇ ಅಲ್ವಾ ಹೋಗ್ಬೇಕು?"

ಅಮ್ಮನಿಗೆ ಈಗ ನೋವಿಗಿಂತ ಆ ವೈದ್ಯರ ಮತ್ತು ನಿಮ್ಮ ಭಯವೇ ಹೆಚ್ಚು.

ಇಂತಿ,
ಆ ಕ್ಲಿನಿಕ್ಕಿಗೆ ಹೋಗಲಾರದೆ ತನ್ನದೇ ದವಡೆ ನೋವನ್ನು ನಿಮ್ಮ ಉತ್ತರ ಬರುವವರೆಗೆ ಲವಂಗದಲ್ಲಿ ನೂಕುತ್ತಿರುವ
ಭಾನುಪ್ರಕಾಶ್, ನಗರಗೆರೆ